ಚೀನಾದ ಕಿಶೋರರೂ ಇ-ಸಿಗರೇಟೂ

ವಸ್ತುವಿನ ಹೆಸರನ್ನು ಬಲ್ಲುದು ಬೇರೆ, ಗುಣವನ್ನು ಬಲ್ಲುದು ಬೇರೆ. ಚೀನಾದ ರೋಗನಿಯಂತ್ರಣ ಕೇಂದ್ರದವರು ಶಾಲಾ ವಿದ್ಯಾರ್ಥಿಗಳಲ್ಲಿ ನಡೆಸಿದ ಸಮೀಕ್ಷೆಗಳನ್ನು ನೋಡಿದವರಿಗೆ ಈ ಭೇದವು ಚೆನ್ನಾಗಿ ಮನವರಿಕೆಯಾಗುವುದು. ಕಿರಿಯ ಮಾಧ್ಯಮಿಕ ಶಾಲೆಗಳಲ್ಲಿ ಇ-ಸಿಗರೇಟಿನ ಹೆಸರನ್ನು ಕೇಳಿದ್ದವರು 2014ರಲ್ಲಿ ನೂರಕ್ಕೆ 45 ಮಂದಿ. 2019ರಲ್ಲಿ ಸುಮಾರು 70 ಮಂದಿ. ಅದೇ ಅವಧಿಯಲ್ಲಿ ಅದನ್ನು ಸೇದುವವರ ಪ್ರಮಾಣವು ನೂರಕ್ಕೆ 1.2ರಿಂದ 2.7ಕ್ಕೆ ಏರಿತು. ತಿಳಿವಳಿಕೆ ಹೆಚ್ಚಿದಲ್ಲಿ ಚಟವು ತಗ್ಗಬೇಕಷ್ಟೆ? ಇಲ್ಲಿ ಎರಡೂ ಜೊತೆಯಾಗಿಯೇ ಏರಿದವು. ಆ ಬಾಲಕರ ಕಿವಿಗೆ ಮೊದಲು ಬಿದ್ದದ್ದು ವೈದ್ಯನ ಎಚ್ಚರಿಕೆಯಲ್ಲ, ವರ್ತಕನ ಕೂಗು ಎಂದೇ ನಾವು ಭಾವಿಸುತ್ತೇವೆ.

ಈ ಸಾಧನವು ಹುಟ್ಟಿದ್ದೂ ಚೀನಾದಲ್ಲಿಯೇ. ನಿಕೋಟಿನ್ ಬೆರೆತ ದ್ರವವನ್ನು ಬ್ಯಾಟರಿಯಿಂದ ಕಾಯಿಸಿ ಆವಿಯನ್ನು ಸೇದುವ ಈ ಉಪಾಯವನ್ನು 2003ರ ಸುಮಾರಿಗೆ ರೂಪಿಸಿದವನು ಹಾನ್ ಲಿಕ್ ಎಂಬ ಔಷಧಶಾಸ್ತ್ರಜ್ಞನು. ತನ್ನ ಸಿಗರೇಟಿನ ಚಟದಿಂದ ಬಿಡುಗಡೆ ಪಡೆಯುವುದೇ ಅವನ ಉದ್ದೇಶವಾಗಿತ್ತು. ಚಟ ಹತ್ತಿದ ಹಿರಿಯರಿಗೆ ಊರುಗೋಲಾಗಲೆಂದು ಮಾಡಿದ್ದು, ಮಾವು, ಕಲ್ಲಂಗಡಿಗಳ ರುಚಿಯನ್ನು ಹಚ್ಚಿಕೊಂಡು ಎಳೆಯರ ಆಟಿಕೆಯಾಯಿತು. ಬೆಳೆಯುತ್ತಿರುವ ಮಿದುಳಿಗೆ ನಿಕೋಟಿನ್ ಹಾನಿಕರವೆಂಬುದರಲ್ಲಿ ವೈದ್ಯರಿಗೆ ಸಂಶಯವಿಲ್ಲ.

ಚೀನಾ ಸರ್ಕಾರದವರು ಸುಮ್ಮನೆ ಕುಳಿತರೆಂದು ಹೇಳುವುದು ನ್ಯಾಯವಲ್ಲ. ಅಪ್ರಾಪ್ತ ವಯಸ್ಕರಿಗೆ ಮಾರಕೂಡದೆಂದು 2018ರಲ್ಲಿಯೂ, ಅಂತರ್ಜಾಲದ ಮೂಲಕ ಮಾರಕೂಡದೆಂದು 2019ರಲ್ಲಿಯೂ ಆಜ್ಞೆಯಾಯಿತು. 2022ರಲ್ಲಿ ತಂಬಾಕಿನ ರುಚಿಯೊಂದರ ಹೊರತು ಉಳಿದೆಲ್ಲ ರುಚಿಗಳನ್ನು ನಿಷೇಧಿಸಿದರು. ಕಿರಿಯ, ಹಿರಿಯ ಮಾಧ್ಯಮಿಕ ಶಾಲೆಗಳನ್ನು ಕೂಡಿಸಿ ನೋಡಿದರೆ, 2021ರಲ್ಲಿ ನೂರಕ್ಕೆ 3.6ರಷ್ಟಿದ್ದ ಬಳಕೆಯು 2023ರಲ್ಲಿ 2.4ಕ್ಕೆ ಇಳಿಯಿತು. ಬೋಧನೆಯೊಂದರಿಂದಲೇ ಆಗದ ಕೆಲಸವು ಸಿಹಿಯನ್ನು ಕಿತ್ತುಕೊಂಡಾಗ ಆಗತೊಡಗಿತು ಎಂದು ಎಣಿಸಲು ಇದು ಸಾಕಾದ ಆಧಾರವು.

ಆದರೂ ಎರಡು ಮಾತುಗಳನ್ನು ಹೇಳದಿರಲಾರೆವು. ಆ ದೇಶದಲ್ಲಿ ತಂಬಾಕನ್ನು ನಿಯಂತ್ರಿಸುವ ಇಲಾಖೆಯೂ ತಂಬಾಕನ್ನು ಮಾರುವ ಸರ್ಕಾರಿ ಸಂಸ್ಥೆಯೂ ಒಂದೇ ಮನೆಯವು. ಮಾರುವವನನ್ನೇ ಕಾವಲಿಗೆ ನಿಲ್ಲಿಸಿದರೆ ಬೇಲಿಯೇ ಎದ್ದು ಹೊಲವನ್ನು ಮೇಯುವ ಭಯವು ಎಂದಿಗೂ ತಪ್ಪದು. ಎರಡನೆಯದು ಇದಕ್ಕಿಂತಲೂ ಗುರುತರವಾದುದು. ಲೋಕದ ಇ-ಸಿಗರೇಟುಗಳಲ್ಲಿ ಬಹುಪಾಲು ತಯಾರಾಗುವುದು ಷೆನ್‌ಜೆನ್ ನಗರದಲ್ಲಿ. ತಮ್ಮ ಮಕ್ಕಳಿಗೆ ಸಲ್ಲದೆಂದು ನಿಷೇಧಿಸಿದ ಹಣ್ಣಿನ ರುಚಿಗಳನ್ನು ಹೊರದೇಶಗಳಿಗೆ ಕಳುಹಿಸಲು ಮಾತ್ರ ಅಡ್ಡಿಯಿಲ್ಲ!

ಇದೇ ನದೀಮುಖದ ಹೂಮೆನ್ ಎಂಬಲ್ಲಿ 1839ರಲ್ಲಿ ಲಿನ್ ಜೆಷು ಎಂಬ ಅಧಿಕಾರಿಯು ಇಂಗ್ಲಿಷ್ ವರ್ತಕರ 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ನಾಶಮಾಡಿಸಿದನು. ನಿಮ್ಮ ನಾಡಿನಲ್ಲಿ ನಿಷೇಧಿಸಿದ ವಿಷವನ್ನು ನಮ್ಮ ನಾಡಿಗೇಕೆ ತರುವಿರಿ ಎಂಬುದು ವಿಕ್ಟೋರಿಯಾ ರಾಣಿಗೆ ಅವನು ಬರೆದ ಓಲೆಯ ತಾತ್ಪರ್ಯವಾಗಿತ್ತು. ಆ ಅಫೀಮು ಬಹುಮಟ್ಟಿಗೆ ನಮ್ಮ ನೆಲದಲ್ಲಿ, ನಮ್ಮ ರೈತರ ಬೆವರಿನಿಂದ ಬೆಳೆದದ್ದಾದ್ದರಿಂದ ಆ ಪ್ರಶ್ನೆಯ ನೋವನ್ನು ನಾವೂ ಅರಿಯಬಲ್ಲೆವು. ಅದೇ ಪ್ರಶ್ನೆಯನ್ನು ಇಂದು ಲೋಕವು ಚೀನಾಕ್ಕೆ ಕೇಳಿದರೆ ಅವರು ಏನೆಂದು ಉತ್ತರ ಕೊಡುವರು?

ಇ-ಸಿಗರೇಟನ್ನು ಕರ್ನಾಟಕ ಸರ್ಕಾರದವರು 2016ರಲ್ಲಿ, ಭಾರತ ಸರ್ಕಾರದವರು 2019ರಲ್ಲಿ ನಿಷೇಧಿಸಿದ್ದಾರೆ. ಆದರೂ ಕಳ್ಳದಾರಿಯಿಂದ ಬಂದ ಮಾಲು ನಮ್ಮ ನಗರಗಳಲ್ಲಿ ಸಿಕ್ಕಿಬೀಳುತ್ತಲೇ ಇದೆ. ಶಾಸನವು ಕಾಗದದ ಮೇಲಿದ್ದರೆ ಸಾಲದು. ಶಾಲೆಯ ಬಳಿಯ ಅಂಗಡಿಯ ಮೇಲೆ ಅಧಿಕಾರಿಯ ಕಣ್ಣೂ, ಮಗನ ಜೇಬಿನ ಮೇಲೆ ತಂದೆಯ ಕಣ್ಣೂ ಇರತಕ್ಕದ್ದು. ಬೀಡಿ, ಸಿಗರೇಟು ಸೇದುವ ತಂದೆಯು ಮೊದಲು ತನ್ನ ಜೇಬನ್ನು ಬರಿದುಮಾಡಿಕೊಳ್ಳಲಿ. ಮಕ್ಕಳು ನಮ್ಮವರಾದರೇನು, ಚೀನಾದವರಾದರೇನು? ಅವರ ಉಸಿರನ್ನು ಮಾರಿ ಗಳಿಸಿದ ಹಣವು ಯಾವ ರಾಷ್ಟ್ರಕ್ಕೂ ಸಂಪತ್ತಾಗದು.