ಮನೆಯವರಿಗೆ ಎಂತ ಥ್ಯಾಂಕ್ಸ್?

ಈ ಊರಲ್ಲಿ ನಾವು ದಿನಕ್ಕೆ ಎಷ್ಟು ಸಲ ಥ್ಯಾಂಕ್ಸ್ ಹೇಳ್ತೀವಿ ಅಂತ ಯಾವತ್ತಾದರೂ ಲೆಕ್ಕ ಹಾಕಿದ್ದೀರಾ? ಶೇರ್ ರಿಕ್ಷಾದಲ್ಲಿ ಚಿಲ್ಲರೆ ಹೊಂದಿಸಿ ಕೊಟ್ಟವರಿಗೆ, ಲೋಕಲ್‌ನಲ್ಲಿ ಒಂಚೂರು ಸರಿದು ನಾಲ್ಕನೇ ಸೀಟು ಬಿಟ್ಟುಕೊಟ್ಟವರಿಗೆ, ಲಿಫ್ಟಿನ ಬಾಗಿಲು ಹಿಡಿದು ನಿಂತ ಪಕ್ಕದ ಮನೆಯ ಕಾಕಾನಿಗೆ, ಕೊರಿಯರ್ ಹುಡುಗನಿಗೆ... ಎಲ್ಲರಿಗೂ ಹೇಳ್ತೀವಿ. ಒಳ್ಳೆಯದೇ. ಆದರೆ ಚಪ್ಪಲಿ ಬಿಟ್ಟು ಮನೆಯೊಳಗೆ ಕಾಲಿಟ್ಟ ಕೂಡಲೇ ಆ ಶಬ್ದ ಎಲ್ಲಿ ಹೋಗುತ್ತೋ! ಚಹಾ ಬಂತು, ಕುಡಿದದ್ದಾಯ್ತು. ತಟ್ಟೆ ಬಂತು, ಉಂಡದ್ದಾಯ್ತು. ಇಸ್ತ್ರಿಯಾದ ಅಂಗಿ ಕಪಾಟಿನಲ್ಲಿ ತಾನಾಗಿ ಬೆಳೆದ ಹಾಗೆ ಸಿಕ್ಕಿತು, ಹಾಕಿಕೊಂಡದ್ದಾಯ್ತು.

ನಾವು ಕೃತಜ್ಞತೆ ಇಲ್ಲದ ಜನ ಅಂತ ಮಾತ್ರ ನಾನು ಒಪ್ಪುವುದಿಲ್ಲ. ದಸರಾ ಹತ್ತಿರ ಬಂದಾಗ ಸೆಂಟ್ರಲ್ ಲೈನಿನ ಲೋಕಲ್ ಹತ್ತಿ ನೋಡಿ. ದಿನಾ ಒಂದೇ ಗಾಡಿಯಲ್ಲಿ ಹೋಗುವ ಗುಂಪಿನವರು ಸೇರಿ ಡಬ್ಬಿಗೆ ಹೂಮಾಲೆ, ಬಣ್ಣದ ಕಾಗದ, ತೋರಣ ಕಟ್ಟುತ್ತಾರೆ. ದೇವರ ಫೋಟೋ ಇಟ್ಟು ಆರತಿ ಮಾಡಿ ಪೇಡೆ ಹಂಚುತ್ತಾರೆ. ಮೋಟರ್‌ಮನ್‌ಗೂ ಸಿಹಿ ಕೊಡುವವರಿದ್ದಾರೆ. ಹೆಂಗಸರ ಡಬ್ಬಿಯಲ್ಲಂತೂ ಅಂದು ಹೊಸ ಸೀರೆಯ ಸಡಗರ. ನಮ್ಮೂರಲ್ಲಿ ನೇಗಿಲಿಗೆ, ಕತ್ತಿಗೆ, ಸೈಕಲ್ಲಿಗೆ ಮಾಡುವ ಆಯುಧ ಪೂಜೆಯೇ ಇಲ್ಲಿ ರೈಲಿಗೆ. 1853ರಲ್ಲಿ ಬೋರಿಬಂದರದಿಂದ ಥಾಣೆಗೆ ಮೊದಲ ಗಾಡಿ ಓಡಿತಲ್ಲ, ಅಂದಿನಿಂದ ಈ ಕಡೆಯವರ ಅನ್ನ ಹಳಿಯ ಮೇಲೆಯೇ ಬರುತ್ತಿದೆ. ಅದಕ್ಕೊಂದು ಹೂ ಇಡುವುದು ಸರಿಯೇ.

ನನ್ನ ತಕರಾರು ಬೇರೆ. ಆ ಗಾಡಿ ಹಿಡಿಯಲಿಕ್ಕೆ ನಮ್ಮನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವವರಿಗೆ ಯಾವ ದಿನ ಪೂಜೆ?

ನಾನು ಕುಂದಾಪುರದ ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದದ್ದು 1991ರಲ್ಲಿ. ಆಮೇಲೆ ವಾಶಿಯಲ್ಲಿ ಕೆಲಸ ಸಿಕ್ಕಿತು. 2004ರಲ್ಲಿ ಥಾಣೆ-ವಾಶಿ ಗಾಡಿ ಶುರುವಾಗುವ ತನಕ ಕುರ್ಲಾಕ್ಕೆ ಹೋಗಿ ಅಲ್ಲಿ ಹಾರ್ಬರ್ ಲೈನ್ ಹಿಡಿಯಬೇಕಿತ್ತು. ಬೆಳಿಗ್ಗೆ ಏಳಕ್ಕೆ ಬಿಟ್ಟರೆ ರಾತ್ರಿ ಎಂಟಕ್ಕೆ ಮನೆ. ಅಷ್ಟು ವರ್ಷ ನಾನು ನೌಕರಿ ಮಾಡಿದ್ದು ನಮ್ಮ ಅತ್ತೆಯ ಬಲದಿಂದ. ನಳದಲ್ಲಿ ನೀರು ಬರುವ ಹೊತ್ತಿಗೆ ಎದ್ದು ಹಂಡೆ, ಬಾಲ್ದಿ ತುಂಬಿಸುತ್ತಿದ್ದವರು ಅವರು. ಮಗುವನ್ನು ಶಾಲೆಯಿಂದ ಕರೆತರುತ್ತಿದ್ದವರು, ಜ್ವರ ಬಂದಾಗ ಡಾಕ್ಟರರ ಹತ್ತಿರ ಒಯ್ಯುತ್ತಿದ್ದವರು ಅವರೇ. ಮರಾಠಿ ಬಾರದಿದ್ದರೂ ಭಾಜಿವಾಲಿಯ ಹತ್ತಿರ ಚೌಕಾಸಿ ಮಾಡುತ್ತಿದ್ದರು! ನಾನು ಆಫೀಸಿನ ಅಭ್ಯಾಸದಲ್ಲಿ "ಥ್ಯಾಂಕ್ಸ್ ಅತ್ತೆ" ಅಂದರೆ ಅವರ ಉತ್ತರ ಒಂದೇ: "ಎಂತ ಥ್ಯಾಂಕ್ಸ್ ಮರಾಯ್ತಿ, ನಾ ಎಂತ ಹೊರಗಿನವ್ಳಾ?"

ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ನಮ್ಮಲ್ಲಿ ಥ್ಯಾಂಕ್ಸ್ ಅಂದರೆ ಲೆಕ್ಕ ಚುಕ್ತಾ ಮಾಡಿದ ಹಾಗೆ. ಮನೆಯವರ ಜೊತೆ ಲೆಕ್ಕ ಮುಗಿಸುವುದುಂಟಾ? ನಮ್ಮ ಶಬ್ದ 'ಋಣ'. ಅದು ತೀರುವಂಥದ್ದಲ್ಲ, ಹೊತ್ತುಕೊಂಡು ನಡೆಯುವಂಥದ್ದು. ಉಪ್ಪಿನ ಋಣ, ಅನ್ನದ ಋಣ ಅಂತೆಲ್ಲ ಹೇಳುತ್ತೇವಲ್ಲ. ಇದು ನಮ್ಮದೊಂದೇ ಕಥೆಯೂ ಅಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಂಟು ಭಾಷೆಗಳ ಜನ ಮನೆಯವರ, ನೆಂಟರಿಷ್ಟರ, ನೆರೆಹೊರೆಯವರ ಜೊತೆ ಆಡುವ ದಿನನಿತ್ಯದ ಮಾತನ್ನು ವಿಡಿಯೋ ಮಾಡಿ ನೋಡಿದರು. ಕೇಳಿದ ಸಹಾಯ ಸಿಕ್ಕಿದಾಗ ಬಾಯಿಬಿಟ್ಟು ಧನ್ಯವಾದ ಹೇಳಿದ್ದು ಸುಮಾರು 20ರಲ್ಲಿ ಒಂದು ಸಲ ಮಾತ್ರ. ಇಂಗ್ಲಿಷಿನವರು ಸ್ವಲ್ಪ ಜಾಸ್ತಿ, ಅವರೂ ಪ್ರತಿ ಸಲ ಹೇಳುವುದಿಲ್ಲ. ಎಕ್ವಡೋರ್ ದೇಶದ ಒಂದು ಭಾಷೆಯಲ್ಲಂತೂ ಹಾಗೆ ಹೇಳಲಿಕ್ಕೆ ರೂಢಿಯ ಮಾತೇ ಇಲ್ಲವಂತೆ. ಅಂದರೆ ಹತ್ತಿರದವರ ಸಹಾಯ ಇದ್ದೇ ಇರುತ್ತದೆ ಅಂತ ನಂಬಿ ನಡೆಯುವುದು ಮನುಷ್ಯರ ಸಾಮಾನ್ಯ ಗುಣ. ಅದರಲ್ಲಿ ಒಂದು ಚಂದವೂ ಇದೆ.

ಹಾಗಾದರೆ ತೊಂದರೆ ಎಲ್ಲಿ?

ಊರಿನ ಮನೆ ನೆನಪು ಮಾಡಿಕೊಳ್ಳಿ. ಅಮ್ಮ ಒಲೆ ಊದುವುದು ಅಪ್ಪನಿಗೆ ಕಾಣುತ್ತಿತ್ತು. ಅಪ್ಪ ಗದ್ದೆಯ ಕೆಸರಿನಲ್ಲಿ ನಿಂತದ್ದು ಅಮ್ಮನಿಗೆ ಕಾಣುತ್ತಿತ್ತು. ಅಜ್ಜಿ ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಲೇ ಇಡೀ ಮನೆಯ ಹಾಜರಿ ಹಾಕುತ್ತಿದ್ದಳು. ಯಾರು ಎಷ್ಟು ದುಡಿದರು ಅಂತ ಎಲ್ಲರ ಕಣ್ಣಿಗೂ ಗೊತ್ತು. ಅದಕ್ಕೇ ಬಾಯಿ ಸುಮ್ಮನಿದ್ದರೂ ನಡೆಯುತ್ತಿತ್ತು. ಸಂತೆಯಿಂದ ಬರುವಾಗ ಒಂದು ಚೆಂಡು ಮಲ್ಲಿಗೆ ತಂದರೆ ಸಾಕು, ಅಮ್ಮನಿಗೆ ಅರ್ಥವಾಗುತ್ತಿತ್ತು. (ಅಲ್ಲೂ ಎಲ್ಲ ಹೆಂಗಸರಿಗೆ ಮಲ್ಲಿಗೆ ಸಿಗುತ್ತಿರಲಿಲ್ಲ ಅನ್ನುವುದೂ ನಿಜ, ಬಿಡಿ.)

ನಾವು ಈಗಿರುವ ಮನೆಗಳಲ್ಲಿ ಒಬ್ಬರ ದುಡಿಮೆ ಇನ್ನೊಬ್ಬರಿಗೆ ಕಾಣುವುದೇ ಇಲ್ಲ. ಗಂಡ ಡೊಂಬಿವಲಿ ಸ್ಟೇಷನ್ನಿನಲ್ಲಿ ಗಾಡಿ ಹತ್ತುವ ನೂಕುನುಗ್ಗಲು ಮನೆಯಲ್ಲಿರುವ ಮುದುಕಿಗೆ ಕಾಣದು. ಮನೆಯಲ್ಲಿ ಅವಳು ಮೊಮ್ಮಗುವಿಗೆ ಒಂದು ಗಂಟೆ ಊಟ ಮಾಡಿಸುವುದು ಐರೋಲಿಯ ಆಫೀಸಿನಲ್ಲಿರುವ ಸೊಸೆಗೆ ಕಾಣದು. ಸೊಸೆ ಬರುವಾಗ ಲೋಕಲಿನಲ್ಲಿ ಕೂತು ಗವಾರ್ ಬಿಡಿಸುವುದು, ಮೆಂತೆಸೊಪ್ಪು ಸೋಸುವುದು ಗಂಡನಿಗೆ ಕಾಣದು. ಹೆಂಗಸರ ಡಬ್ಬಿಯಲ್ಲಿ ಸಂಜೆ ಓಡಾಡಿದವರಿಗೆಲ್ಲ ಈ ದೃಶ್ಯ ಗೊತ್ತು, ಗಂಡಸರು ಅದನ್ನು ನೋಡುವುದಾದರೂ ಎಲ್ಲಿ? ಮನೆಯಲ್ಲಿ ಅವರಿಗೆ ಸಿಗುವುದು ಪಲ್ಯ ಮಾತ್ರ.

ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಇದು ಮನೆಗೆಲಸ ಮಾಡುವವರ ಸರಾಸರಿ, ಕೈಯನ್ನೇ ಹಚ್ಚದವರು ಈ ಲೆಕ್ಕದಲ್ಲಿಲ್ಲ! 289 ನಿಮಿಷ ಅಂದರೆ ಐದು ಗಂಟೆಗೆ ಸ್ವಲ್ಪ ಕಡಿಮೆ. ಕಲ್ಯಾಣಿನಿಂದ ಸಿಎಸ್‌ಎಂಟಿಗೆ ಹೋಗಿ ಬಂದು, ಮತ್ತೊಮ್ಮೆ ಹೋಗುವಷ್ಟು ಹೊತ್ತು ನೋಡಿ.

2020ರ ಮಾರ್ಚ್ 22ರ ರಾತ್ರಿ ಲೋಕಲ್ ನಿಂತಿತಲ್ಲ, ಆಗ ಒಂದು ವಿಚಿತ್ರ ಆಯಿತು. ಮೊದಲ ಸಲ ಎಲ್ಲರೂ ಹಗಲಿನಲ್ಲಿ ಮನೆಯಲ್ಲಿದ್ದರು. ಒನ್ ಬಿಎಚ್‌ಕೆಯಲ್ಲಿ ಐದು ಜನ. ಕೆಲಸದ ಬಾಯಿಯೂ ಬರುವ ಹಾಗಿಲ್ಲ. ಕುಕ್ಕರ್ ಎಷ್ಟು ಸಲ ಇಡಬೇಕು, ಒಂದು ದಿನಕ್ಕೆ ಎಷ್ಟು ಪಾತ್ರೆ ಬೀಳುತ್ತದೆ ಅಂತ ನಮ್ಮ ಸೊಸೈಟಿಯ ಎಷ್ಟೋ ಗಂಡಸರಿಗೆ ಆಗಲೇ ಗೊತ್ತಾದದ್ದು. ನಾಲ್ಕನೇ ಮಾಳಿಗೆಯ ಒಬ್ಬರು ದಿನಾ ಪಾತ್ರೆ ತೊಳೆಯಲಿಕ್ಕೆ ಶುರುಮಾಡಿದ್ದರು, ಬಾಲ್ಕನಿಯಲ್ಲಿ ನಿಂತು ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಎರಡು ಡೋಸ್ ಲಸಿಕೆಯಾದ ಸಾಮಾನ್ಯ ಜನರಿಗೆ 2021ರ ಆಗಸ್ಟ್ 15ರಿಂದ ಗಾಡಿ ತೆರೆದುಕೊಂಡಿತು. ಎಲ್ಲರೂ ಹೊರಟರು, ಕಾಣುವುದೂ ನಿಂತಿತು.

ಅದಕ್ಕೇ ನಾನು ಹೇಳುವುದು, ಕಣ್ಣು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬಾಯಿಯೇ ಮಾಡಬೇಕು. 'ಮನೆಯವರಿಗೆ ಎಂತ ಥ್ಯಾಂಕ್ಸ್' ಅನ್ನುವ ಊರಿನ ಮಾತು ಊರಿನ ಮನೆಗೆ ಸರಿ, ಲೋಕಲ್ ಹಿಡಿಯುವ ಮನೆಗೆ ಸಾಲದು.

ಹಾಗಂತ ದಿನಾ ಡೈರಿ ಬರೆಯಿರಿ ಅನ್ನುವುದಿಲ್ಲ. ಅಮೆರಿಕದ ಎಮನ್ಸ್ ಮತ್ತು ಮೆಕಲ್ಲೋ ಅನ್ನುವವರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಾವು ಕೃತಜ್ಞರಾಗಿರುವ ಐದು ಸಂಗತಿಗಳನ್ನು ವಾರಕ್ಕೊಮ್ಮೆ ಬರೆದವರು ಕಿರಿಕಿರಿಗಳನ್ನು ಬರೆದವರಿಗಿಂತ ಹೆಚ್ಚು ನೆಮ್ಮದಿಯಿಂದಿದ್ದರು ಅಂತ ಕಂಡುಬಂತು. ಒಳ್ಳೆಯದೇ. ಆದರೆ ಡೈರಿಯಲ್ಲಿ ಬರೆದದ್ದು ಅಡುಗೆಮನೆಯಲ್ಲಿರುವವರಿಗೆ ಕೇಳಿಸುವುದಿಲ್ಲವಲ್ಲ!

ನಮ್ಮನೆಯಲ್ಲಿ ನಡೆಸಿಕೊಂಡು ಬಂದಿರುವುದು ಇಷ್ಟೇ. ರಾತ್ರಿ ಊಟಕ್ಕೆ ಕೂತಾಗ, ಟಿವಿ ಹಾಕುವ ಮೊದಲು, ಇವತ್ತು ಇನ್ನೊಬ್ಬರು ಮಾಡಿದ ಒಂದು ಕೆಲಸವನ್ನು ಹೆಸರು ಹೇಳಿ ನೆನೆಯುವುದು. ಥ್ಯಾಂಕ್ಸ್ ಅನ್ನುವ ಶಬ್ದ ಬೇಡವೇ ಬೇಡ. "ಬೆಳಿಗ್ಗೆ ಸಿಲಿಂಡರ್ ಬಂದಾಗ ಅಮ್ಮ ಇದ್ದದ್ದಕ್ಕೆ ಆಯ್ತು." "ಅಪ್ಪ ಮಳೆಯಲ್ಲಿ ನೆನೆದು ಔಷಧಿ ತಂದರು." "ಇವತ್ತು ಹುಳಿ ಹದವಾಗಿತ್ತು." ನನ್ನ ಮೊಮ್ಮಗಳಿಗೆ ಐದು ವರ್ಷ. "ಅಜ್ಜಿ ನನ್ನ ಜಡೆ ನೋಯದ ಹಾಗೆ ಹಾಕಿದಳು" ಅಂತ ಹೇಳುತ್ತಾಳೆ. ಅತ್ತೆ ಈಗಿಲ್ಲ. ಅವರ ಜಾಗದಲ್ಲಿ ಈಗ ನಾನಿದ್ದೇನೆ, ಸೊಸೆ ಗಾಡಿ ಹಿಡಿಯುತ್ತಾಳೆ. ಇಂಥ ಒಂದು ಮಾತು ದಿನವಿಡೀ ಒಬ್ಬಳೇ ಇದ್ದವಳಿಗೆ ಏನು ಅನ್ನುವುದು ನನಗೆ ಚೆನ್ನಾಗಿ ಗೊತ್ತು.

ಎರಡು ಎಚ್ಚರಿಕೆ ಮಾತ್ರ ಬೇಕು. ಒಂದು, ಹೊಗಳಿಕೆಯೇ ಕೆಲಸವಲ್ಲ. "ನೀನಿಲ್ಲದಿದ್ದರೆ ಈ ಮನೆ ನಡೆಯುತ್ತಾ" ಅನ್ನುತ್ತಾ ಉಂಡ ತಟ್ಟೆ ಅಲ್ಲೇ ಬಿಟ್ಟು ಏಳುವ ಜಾಣರಿದ್ದಾರೆ. ತಟ್ಟೆ ಎತ್ತಿಟ್ಟು ಆಮೇಲೆ ಹೇಳಿ. ಎರಡು, ಕೃತಜ್ಞತೆಯನ್ನು ಕೇಳಿ ಪಡೆಯಬಾರದು. "ನಿಮಗೋಸ್ಕರ ಇಷ್ಟು ಮಾಡಿದೆ" ಅಂತ ಮಕ್ಕಳ ಮುಂದೆ ದಿನಾ ಪಟ್ಟಿ ಓದುವ ಹಿರಿಯರು, ಸಹಿಸಿಕೊಂಡು ಇರುವುದನ್ನೇ ಕೃತಜ್ಞತೆ ಅಂತ ಸೊಸೆಗೆ ಕಲಿಸುವವರು, ಇವರ ಸಹವಾಸ ಬೇಡ. ಅದು ಸಾಲ ವಸೂಲಿ. ಇನ್ನು ಕೆಲಸದ ಬಾಯಿಗೆ ಒಳ್ಳೆಯ ಮಾತಿನ ಜೊತೆ ರಜೆಯೂ, ಹೊತ್ತಿಗೆ ಸರಿಯಾಗಿ ಪಗಾರವೂ ಸಿಗಬೇಕು.

ನಾಳೆ ಹೇಳಿದರಾಯಿತು ಅನ್ನಲಿಕ್ಕೂ ನಮ್ಮ ಈ ಲೈನಿನಲ್ಲಿ ಧೈರ್ಯ ಬರುವುದಿಲ್ಲ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ಹತ್ತಿರ, ಎರಡು ಲೋಕಲ್‌ಗಳು ಅಕ್ಕಪಕ್ಕ ಹಾದುಹೋಗುವಾಗ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಗೆ ಬಿದ್ದರು, ಕೆಲವರು ಪ್ರಾಣ ಕಳೆದುಕೊಂಡರು. ಅವರೂ ಎಲ್ಲರ ಹಾಗೆ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟವರು. ಗಾಡಿಯ ಗರ್ದಿ ಕಡಿಮೆ ಮಾಡುವುದು ರೈಲ್ವೆಯ ಕೆಲಸ, ಅದನ್ನು ಗಟ್ಟಿಯಾಗಿ ಕೇಳಲೇಬೇಕು. ಮನೆಯೊಳಗೆ ಒಂದು ಒಳ್ಳೆಯ ಮಾತು ಬಾಕಿ ಉಳಿಯದ ಹಾಗೆ ನೋಡಿಕೊಳ್ಳುವುದು ಮಾತ್ರ ನಮ್ಮದೇ.

ನೀವೇನಂತೀರಿ? ಇವತ್ತು ರಾತ್ರಿ ಊಟಕ್ಕೆ ಕೂತಾಗ ಒಂದು ಮಾತು ಹೇಳಿ ನೋಡಿ. "ಏನಾಯ್ತು ನಿಮಗೆ, ಹುಷಾರಿದ್ದೀರಾ?" ಅಂತ ಕೇಳಿದರೆ ನಕ್ಕುಬಿಡಿ. ನಾಳೆಯೂ ಹೇಳಿ.