ಮಧ್ಯಂತರ ಚುನಾವಣೆ ಬಂದರೆ ಈ ಮೂರು ಸೀಟು ಕಾಂಗ್ರೆಸ್‌ಗೆ ಉಳಿಯುತ್ತಾ?

ವಿಧಾನಸಭೆಯ ಅವಧಿ 2028ರ ತನಕ ಇದೆ. ಆದರೂ ಕುರ್ಚಿ ಜಗಳ ಎದ್ದಾಗಲೆಲ್ಲ ಮಧ್ಯಂತರ ಚುನಾವಣೆಯ ಸುದ್ದಿ ಹಬ್ಬುತ್ತದೆ. ಹಾಗೇನಾದರೂ ಆದರೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯಲ್ಲಿ 2023ರಲ್ಲಿ ಗೆದ್ದ ಕಾಂಗ್ರೆಸ್ ನಿಶ್ಚಿಂತೆಯಿಂದ ಇರುವಂತಿಲ್ಲ.

ಅಫಜಲಪುರದ ಕತೆ ನಮ್ಮ ಪುತ್ತೂರಿನದ್ದೇ. ಪುತ್ತೂರಿನಲ್ಲಿ ಪುತ್ತಿಲ ಬಂಡಾಯ ಎದ್ದು ಬಿಜೆಪಿ ಮೂರನೇ ಸ್ಥಾನಕ್ಕೆ ಇಳಿಯಿತಲ್ಲ, ಅಲ್ಲಿಯೂ ಹಾಗೆಯೇ. ಅಣ್ಣ ಮಾಲೀಕಯ್ಯ ಗುತ್ತೇದಾರ್ ಬಿಜೆಪಿ, ತಮ್ಮ ನಿತಿನ್ ಪಕ್ಷೇತರ. ಇಬ್ಬರ ಜಗಳದಲ್ಲಿ ಕಾಂಗ್ರೆಸ್ಸಿನ ಎಂ.ವೈ. ಪಾಟೀಲ್ 4,594 ಮತಗಳಿಂದ ಗೆದ್ದರು. 2024ರಲ್ಲಿ ತಮ್ಮ ಬಿಜೆಪಿಗೆ ಬಂದರು, ಅಣ್ಣ ಕಾಂಗ್ರೆಸ್‌ಗೆ ಹೋದರು. ಮತಗಳೂ ಜತೆಗೆ ಹೋದವಾ? ಪ್ರಶ್ನೆ ಅದೇ.

ಜೇವರ್ಗಿಯಲ್ಲಿ ಅಜಯ್ ಸಿಂಗ್ ಸತತ ಮೂರು ಸಲ ಗೆದ್ದವರು. ಆದರೆ ಕಳೆದ ಸಲ ಜೆಡಿಎಸ್ ಎರಡನೇ, ಬಿಜೆಪಿ ಮೂರನೇ ಸ್ಥಾನ. ಆಮೇಲೆ ಆ ಎರಡು ಪಕ್ಷಗಳೂ ಕೈಜೋಡಿಸಿದವು. ಇದೇ ಕ್ಷೇತ್ರದಲ್ಲಿ 2008ರಲ್ಲಿ ಅವರ ತಂದೆ ಧರ್ಮಸಿಂಗ್ ಸೋತದ್ದು ಬರೀ 70 ಮತದಲ್ಲಿ.

ಆಳಂದದ ಲೆಕ್ಕ ಬೇರೆ. ಬಿ.ಆರ್. ಪಾಟೀಲ್ 2018ರಲ್ಲಿ 697 ಮತಗಳಿಂದ ಸೋತು, 2023ರಲ್ಲಿ 10,348 ಮತಗಳಿಂದ ಗೆದ್ದರು. ಆ ಚುನಾವಣೆಗೆ ಮೊದಲು ಪಟ್ಟಿಯಿಂದ ಹೆಸರು ತೆಗೆಯಲು ಬಂದ ಆನ್‌ಲೈನ್ ಅರ್ಜಿ 6,018. ಪರಿಶೀಲಿಸಿದಾಗ ಸರಿ ಇದ್ದದ್ದು 24 ಮಾತ್ರ. ಮಧ್ಯಂತರ ಅಂದರೆ ದಿಢೀರ್ ಚುನಾವಣೆ. ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ನೋಡಲು ಸಿಗುವ ದಿನಗಳೂ ಕಡಿಮೆ.