ಬೋಟಿನ ನೀರು ಹಾಳಾದರೆ ಕ್ಯಾನ್ ತಂದರೆ ಮುಗಿಯಿತೇ?

ಆಗಸ್ಟ್ ಬಂತೆಂದರೆ ಕರಾವಳಿಯ ಪತ್ರಿಕೆಗಳಲ್ಲಿ ಬರುವ ಸುದ್ದಿ ನಿಮಗೂ ಬಾಯಿಪಾಠ ಇರಬಹುದು. 61 ದಿನಗಳ ನಿಷೇಧ ಮುಗಿಯಿತು, ಮಲ್ಪೆಯಲ್ಲಿ, ಮಂಗಳೂರು ದಕ್ಕೆಯಲ್ಲಿ ಬೋಟುಗಳು ಸಜ್ಜಾದವು, ಬಲೆ ರಿಪೇರಿ ಆಯಿತು, ಎಂಜಿನ್ ಸರ್ವಿಸ್ ಆಯಿತು, ಬಣ್ಣ ಬಳಿದಾಯಿತು. ಈ ಪಟ್ಟಿಯಲ್ಲಿ ಕುಡಿಯುವ ನೀರಿನ ಟ್ಯಾಂಕಿನ ಹೆಸರು ಮಾತ್ರ ಇರುವುದಿಲ್ಲ. ನಾನು ಕಂಡ ಹೆಚ್ಚಿನ ಬೋಟುಗಳಲ್ಲಿ ಆ ಕೆಲಸ ಆಗಿಯೇ ಇರುವುದಿಲ್ಲ. ಜೂನ್ 1ಕ್ಕೆ ಟ್ಯಾಂಕಿನ ತಳದಲ್ಲಿ ಉಳಿದ ನೀರು ಎರಡು ತಿಂಗಳು ಅಲ್ಲೇ ಕೂತಿರುತ್ತದೆ. ಆಗಸ್ಟಿನಲ್ಲಿ ಅದರ ಮೇಲೆಯೇ ಹೊಸ ನೀರು ಬೀಳುತ್ತದೆ.

ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟು ಎಂಟು-ಹತ್ತು ದಿನ ದಡ ಕಾಣುವುದಿಲ್ಲ. ಅನ್ನಕ್ಕೆ, ಚಹಾಕ್ಕೆ, ಕುಡಿಯುವುದಕ್ಕೆ ಎಲ್ಲದಕ್ಕೂ ಅದೇ ನೀರು. ಅದು ವಾಸನೆ ಹೊಡೆದರೆ ಕಲಾಸಿಗಳು ದೂರು ಕೊಡುವುದಿಲ್ಲ, ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಬಿಸಿಲಲ್ಲಿ ಬಲೆ ಎಳೆಯುವ ಮೈಗೆ ಅದರ ಅರ್ಥ ಏನೆಂದು ಉರಿಮೂತ್ರ, ಮೂತ್ರಕೋಶದ ಕಲ್ಲು ಅಂತ ಒದ್ದಾಡಿದವರನ್ನು ಕೇಳಿ. ಭೇದಿ ಶುರುವಾದರಂತೂ ಆಸ್ಪತ್ರೆ ಹತ್ತಿರ ಇಲ್ಲ. ಬೋಟು ತಿರುಗಿಸಿದರೆ ಆ ಟ್ರಿಪ್ಪಿನ ಡೀಸೆಲ್ ಹೋಯಿತು.

ಇದಕ್ಕೆ ಕಂಡುಕೊಂಡಿರುವ ಸುಲಭದ ದಾರಿ ನೀರಿನ ಕ್ಯಾನು. ಪಾಲಿನ ಲೆಕ್ಕದಲ್ಲಿ ನಡೆಯುವ ಬೋಟುಗಳಲ್ಲಿ ಡೀಸೆಲ್, ಐಸು, ರೇಷನ್ ಎಲ್ಲ ಕಳೆದ ಮೇಲೆ ಉಳಿದದ್ದು ಹಂಚಿಕೆಯಾಗುತ್ತದೆ. ಕ್ಯಾನಿನ ಬಿಲ್ಲು ರೇಷನ್ನಿಗೆ ಸೇರಿದರೆ ಟ್ಯಾಂಕು ತೊಳೆಯದೆ ಬಿಟ್ಟದ್ದರ ದಂಡವನ್ನು ಕಲಾಸಿಯೂ ಕಟ್ಟಿದ ಹಾಗಾಯಿತು. ಟ್ಯಾಂಕು ಬೋಟಿನ ಮಾಲೀಕರದು, ಆದರೆ ಅವರು ದಡದಲ್ಲಿ ಮನೆಯ ನೀರು ಕುಡಿಯುತ್ತಾರೆ. ನನ್ನ ಪ್ರಕಾರ ಸಮಸ್ಯೆಯ ಬುಡ ಇರುವುದು ಇಲ್ಲಿ.

'ಬೋಟಿನ ನೀರು ಅಂದರೆ ಹಾಗೇ' ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ರುಚಿ ಕೆಡುವುದಕ್ಕೆ ಪ್ರತಿ ಸಲವೂ ಒಂದು ಕಾರಣ ಇರುತ್ತದೆ, ಅದನ್ನು ಹುಡುಕುವುದಕ್ಕೆ ಮೂರು ಸ್ಟೀಲ್ ಲೋಟ ಸಾಕು. ಒಂದರಲ್ಲಿ ದಕ್ಕೆಯ ನಲ್ಲಿಯ ನೀರು, ಇನ್ನೊಂದರಲ್ಲಿ ಟ್ಯಾಂಕಿನಿಂದ ನೇರ ತೆಗೆದದ್ದು, ಮತ್ತೊಂದರಲ್ಲಿ ಬೋಟಿನ ಅಡುಗೆ ಜಾಗದ ನಲ್ಲಿಯದು. ಮೊದಲನೆಯದೇ ಸರಿ ಇಲ್ಲದಿದ್ದರೆ ಟ್ಯಾಂಕು ಉಜ್ಜಿ ಪ್ರಯೋಜನ ಇಲ್ಲ. ಟ್ಯಾಂಕಿನದು ಚೆನ್ನಾಗಿದ್ದು ನಲ್ಲಿಯದು ಕೆಟ್ಟಿದ್ದರೆ ದೋಷ ಪೈಪಿನಲ್ಲಿದೆ.

ಮೂಗು, ನಾಲಿಗೆಯೂ ಬಹಳಷ್ಟು ಹೇಳುತ್ತವೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿಯಾಡದೆ ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಹೈಡ್ರೋಜನ್ ಸಲ್ಫೈಡ್ ಆಗಿರುವ ಸಾಧ್ಯತೆ ಹೆಚ್ಚು. ಪಾಚಿ ವಾಸನೆ, ಗೋಡೆ ಮುಟ್ಟಿದರೆ ಜಾರುವ ಲೋಳೆ ಇದ್ದರೆ ಒಳಗೆ ಬೆಳಕು, ಕಸ ಹೋಗುತ್ತಿದೆ. ಕಬ್ಬಿಣದ ರುಚಿ, ಕೆಂಪು ಬಣ್ಣ ಇದ್ದರೆ ತುಕ್ಕು. ಉಪ್ಪಾಗಿದ್ದರೆ ತುಂಬಿಸಿದ ನೀರೇ ಉಪ್ಪಿರಬೇಕು (ಬೇಸಗೆಯಲ್ಲಿ ಅಳಿವೆ ಹತ್ತಿರದ ಬಾವಿಗಳ ಕಥೆ ಗೊತ್ತಲ್ಲ), ಇಲ್ಲವೇ ಡೆಕ್ಕಿನ ಮುಚ್ಚಳದ ವಾಷರ್ ಹೋಗಿ ಕಡಲ ನೀರು ಒಳಗೆ ಇಳಿಯುತ್ತಿರಬೇಕು. ವಾಷರ್ ಬದಲಿಸದೆ ಎಷ್ಟು ತೊಳೆದರೂ ಅದು ಹೋಗುವುದಿಲ್ಲ. ಡೀಸೆಲ್ ವಾಸನೆ ಹಿಡಿದ ರಬ್ಬರ್ ಪೈಪನ್ನಂತೂ ತೊಳೆಯುತ್ತ ಕೂರಬೇಡಿ, ಕಿತ್ತು ಹೊಸದು ಹಾಕಿ. ಇನ್ನು ನೀರು ತುಂಬಿಸುವ ಪೈಪು. ಡೆಕ್ಕಿನ ಮೀನಿನ ಲೋಳೆ ತೊಳೆದ ಪೈಪಿನ ತುದಿಯನ್ನೇ ಟ್ಯಾಂಕಿನ ಬಾಯಿಗೆ ಇಡುವುದನ್ನು ಯಾವ ದಕ್ಕೆಯಲ್ಲಿ ಬೇಕಾದರೂ ನೋಡಬಹುದು. ಕುಡಿಯುವ ನೀರಿಗೆಂದೇ ಒಂದು ಪೈಪು ಬೇರೆ ಇಟ್ಟು, ಕೆಲಸ ಮುಗಿದ ಮೇಲೆ ಎರಡೂ ತುದಿ ಮುಚ್ಚಿ ತೂಗುಹಾಕಿದರೆ ಅರ್ಧ ಕೆಲಸ ಆಯಿತು.

ತೊಳೆಯುವ ವಿಧಾನದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಕೊಳಕು ಟ್ಯಾಂಕಿಗೆ ಒಂದು ಮುಷ್ಟಿ ಬ್ಲೀಚಿಂಗ್ ಪೌಡರ್ ಹಾಕಿ ಬಿಡುತ್ತಾರೆ. ಲೋಳೆಯೇ ಕ್ಲೋರಿನ್ ತಿಂದುಹಾಕುತ್ತದೆ, ನೀರು ಇನ್ನಷ್ಟು ನಾರುತ್ತದೆ. ಮೊದಲು ಪೂರ್ತಿ ಖಾಲಿ ಮಾಡಿ, ತಳದ ಕೆಸರು ತೆಗೆದು, ಬ್ರಶ್ಶಿನಿಂದ ಉಜ್ಜಿ ತೊಳೆಯಬೇಕು. ಆಮೇಲೆ ಸಾವಿರ ಲೀಟರಿಗೆ ಸುಮಾರು 150 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್. ಹಳೆಯ, ತೇವ ಹಿಡಿದ ಪೊಟ್ಟಣದಲ್ಲಿ ಶಕ್ತಿ ಉಳಿದಿರುವುದಿಲ್ಲ. ಬಕೆಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿನೀರನ್ನು ಮಾತ್ರ ಟ್ಯಾಂಕಿಗೆ ಸುರಿದು, ಬಾಯಿವರೆಗೆ ನೀರು ತುಂಬಿಸಿ, ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ಬಿಟ್ಟು ಮುಚ್ಚಬೇಕು. ಒಂದು ರಾತ್ರಿ ಸಾಕು. ಸ್ಟೀಲ್ ಟ್ಯಾಂಕಿನಲ್ಲಿ ಅದಕ್ಕಿಂತ ಹೆಚ್ಚು ಬಿಟ್ಟರೆ ಲೋಹವನ್ನೇ ತಿನ್ನುತ್ತದೆ. ಬೆಳಿಗ್ಗೆ ನಲ್ಲಿಗಳ ಮೂಲಕವೇ ಖಾಲಿ ಮಾಡಿ, ವಾಸನೆ ಹೋಗುವ ತನಕ ಎರಡು ಮೂರು ಸಲ ಹೊಸ ನೀರು ತುಂಬಿಸಿ ಬಿಡಬೇಕು. ಅಷ್ಟರವರೆಗೆ ಆ ನೀರನ್ನು ಯಾರೂ ಕುಡಿಯಬಾರದು. ವಿನೆಗರ್, ಆ್ಯಸಿಡ್ ಯಾವುದನ್ನೂ ಬ್ಲೀಚಿಂಗ್ ಜೊತೆ ಬೆರೆಸಬಾರದು, ವಿಷಗಾಳಿ ಬರುತ್ತದೆ.

ಮನುಷ್ಯ ಇಳಿಯುವಷ್ಟು ದೊಡ್ಡ ಟ್ಯಾಂಕಾದರೆ ಇನ್ನೊಂದು ಎಚ್ಚರ. ತಿಂಗಳುಗಟ್ಟಲೆ ಮುಚ್ಚಿದ್ದ ಕಬ್ಬಿಣದ ಟ್ಯಾಂಕಿನಲ್ಲಿ ತುಕ್ಕು ಹಿಡಿಯುವಾಗಲೇ ಆಮ್ಲಜನಕ ಖಾಲಿಯಾಗಿರುತ್ತದೆ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಮೀನು ಸಂಸ್ಕರಣಾ ಘಟಕವೊಂದರ ತೊಟ್ಟಿಯಲ್ಲಿ ಐವರು ಕಾರ್ಮಿಕರು ಸತ್ತದ್ದು ಮರೆಯುವಂಥದ್ದಲ್ಲ. ಹಿಂದಿನ ದಿನವೇ ಮುಚ್ಚಳ ತೆಗೆದು ಬ್ಲೋವರ್ ಇಟ್ಟು ಗಾಳಿ ಆಡಿಸಬೇಕು. ಇಳಿಯುವವನ ಸೊಂಟಕ್ಕೆ ಹಗ್ಗ ಇರಬೇಕು, ಮೇಲೆ ಒಬ್ಬ ನಿಂತಿರಬೇಕು. ಒಳಗಿದ್ದವನು ಕುಸಿದರೆ ಹಗ್ಗ ಎಳೆಯಬೇಕೇ ಹೊರತು ಇನ್ನೊಬ್ಬ ಹಾರಬಾರದು.

ಇಷ್ಟೂ ಕೆಲಸಕ್ಕೆ ಎರಡು ದಿನ ಬೇಕು. ರಜೆ 61 ದಿನ ಇದೆ. ಹಾಗಾಗಿ ಸಮಯ ಇಲ್ಲ, ದುಡ್ಡಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ಕೇಳುವವರು ಇಲ್ಲ, ಅಷ್ಟೇ. ಮೀನುಗಾರಿಕೆಯ ಕೆಲಸದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2007ರ ಒಪ್ಪಂದ (ಸಂಖ್ಯೆ 188) ಬೋಟಿನಲ್ಲಿ ಸಾಕಷ್ಟು, ಒಳ್ಳೆಯ ಕುಡಿಯುವ ನೀರು ಕೊಡುವುದು ಮಾಲೀಕರ ಹೊಣೆ ಎನ್ನುತ್ತದೆ. ಪಾಲಿನ ಪದ್ಧತಿಯಲ್ಲಿ ಮೊದಲೇ ಒಪ್ಪಂದ ಆಗಿದ್ದರೆ ಆ ಖರ್ಚು ಕಳೆಯಬಹುದು ಎಂದೂ ಅದೇ ಹೇಳುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಭಾರತ ಇದನ್ನು ಅನುಮೋದಿಸಿಲ್ಲ. ಅನುಮೋದಿಸುವ ತನಕ ಕಾಯಬೇಕಾಗಿಯೂ ಇಲ್ಲ.

ಜಲಜೀವನ್ ಮಿಷನ್ನಿನಲ್ಲಿ ಹಳ್ಳಿಯ ಹೆಂಗಸರ ಕೈಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು ತರಬೇತಿ ಕೊಟ್ಟಿದ್ದಾರೆ. ಕ್ಲೋರೈಡ್, ಕಬ್ಬಿಣ, ಉಳಿಕೆ ಕ್ಲೋರಿನ್ ಎಲ್ಲ ಅದರಲ್ಲೇ ಗೊತ್ತಾಗುತ್ತದೆ. ಅಂಥದ್ದೇ ಒಂದು ಕಿಟ್ ಪ್ರತಿ ದಕ್ಕೆಯಲ್ಲೂ ಇರಲಿ. ಜುಲೈ ಕೊನೆಯ ವಾರ ಮೀನುಗಾರಿಕೆ ಇಲಾಖೆಯವರೂ ಮೀನುಗಾರರ ಸಂಘದವರೂ ಒಟ್ಟಿಗೆ ಬೋಟು ಹತ್ತಿ, ಅಡುಗೆ ಜಾಗದ ನಲ್ಲಿಯಿಂದ ಒಂದು ಲೋಟ ಹಿಡಿದು ನೋಡಲಿ. ಮಾಲೀಕರೂ ಅಲ್ಲೇ ಇರಲಿ, ಆ ಲೋಟದಿಂದ ಮೊದಲ ಗುಟುಕು ಅವರೇ ಕುಡಿಯಲಿ.